ನೂರು ವರ್ಷದ ತಟ್ಟೆಗೆ ತೆಂಗಿನ ನಾರು

ಯಾವುದಾದರೂ ವಸ್ತು ನೂರು ವರ್ಷ ಬಾಳುತ್ತದೆ ಎಂದು ಯಾರಾದರೂ ಹೇಳಿದರೆ, ಅವರು ಕಾಪುವಿನವರಲ್ಲ ಎಂದು ನಾನು ತಕ್ಷಣ ತಿಳಿದುಕೊಳ್ಳುತ್ತೇನೆ. ನಮ್ಮೂರ ಕಡಲ ಗಾಳಿಗೆ ಕಿಟಕಿಯ ಸರಳೇ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಮದುವೆಗೆ ಉಡುಗೊರೆ ಬಂದ ಗಡಿಯಾರ ಮೊದಲ ಮಳೆಗಾಲ ದಾಟಿದರೆ ಅದಕ್ಕೆ ಆರತಿ ಎತ್ತಬೇಕು.

ಆದರೆ ಈ ಮಾತು ಹೇಳಿದವನು ಕಾಪುವಿನಲ್ಲೇ ಹುಟ್ಟಿದ ನನ್ನ ಮೈದುನ ಸತೀಶ. ದುಬೈಗೆ ಹೋಗಿ ಊರ ಗಾಳಿಯನ್ನು ಮರೆತಿದ್ದ, ಅಷ್ಟೆ. ಎಂಬತ್ತರ ದಶಕದ ಕೊನೆಯಲ್ಲೊಮ್ಮೆ ರಜೆಗೆ ಬಂದವನು ಅಂಗೈಯಗಲದ ಹೊಳೆಯುವ ತಟ್ಟೆಯೊಂದನ್ನು ತಂದ. ಸಿಡಿ ಎಂದು ಅದರ ಹೆಸರು. ಉಡುಪಿಯ ರೇಡಿಯೋ ಅಂಗಡಿಯವರೂ ಆಗ ಅದನ್ನು ಕಂಡಿರಲಿಲ್ಲ. ಒಳಗೆ ಪಿಟೀಲು ಸಂಗೀತವಿದೆಯಂತೆ. ನುಡಿಸುವ ಯಂತ್ರ ಮಾತ್ರ ಇಲ್ಲ.

"ಮುಂದಿನ ರಜೆಗೆ ಯಂತ್ರ ತರ್ತೇನೆ ಅಮ್ಮ. ಅಲ್ಲಿವರೆಗೆ ಇದನ್ನು ಜಾಗ್ರತೆ ಇಡಿ. ನೂರು ವರ್ಷ ಬಾಳ್ತದೆ."

ಅತ್ತೆಗೆ ಪಿಟೀಲಿನ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಆದರೆ ಮಗ ಹಿಂದಿನ ಎರಡು ರಜೆಗಳಲ್ಲಿ ಊರಿಗೇ ಬಾರದೆ ಓವರ್‌ಟೈಮ್ ದುಡಿದಿದ್ದ. ತಟ್ಟೆ ನೆಟ್ಟಗಿದ್ದರೆ ಯಂತ್ರ ಬರುತ್ತದೆ, ಯಂತ್ರ ಬರಬೇಕಾದರೆ ಹೊತ್ತುಕೊಂಡು ಅವನೂ ಬರಲೇಬೇಕು ಎಂಬುದು ಅವರ ತರ್ಕ. ನೀವೇ ಹೇಳಿ, ಇದರಲ್ಲಿ ತಪ್ಪೇನಿದೆ?

ತಟ್ಟೆಯ ಆರೈಕೆ ಶುರುವಾಯಿತು. ಮಳೆಗಾಲಕ್ಕೆ ಮುಂಚೆ ಹಾಸಿಗೆ, ಹಪ್ಪಳ, ಒಣಮೀನು ಎಲ್ಲವೂ ಅಂಗಳದ ಬಿಸಿಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ತಟ್ಟೆಯೂ ಬಿತ್ತು. ಹಪ್ಪಳದ ಸಾಲಿನಲ್ಲಿ ಕಾಗೆಯನ್ನು ಹೆದರಿಸಿದ್ದು ಅದೊಂದೇ. ಮಳೆ ಹಿಡಿದ ಮೇಲೆ ಬೂಷ್ಟು ಬಾರದಿರಲೆಂದು ಅತ್ತೆ ಅದರ ಬೆನ್ನಿಗೆ ತೆಂಗಿನೆಣ್ಣೆ ಸವರಿದರು. ಹೊಳೆಯುವ ಬದಿಗೆ ಮಾತ್ರ ಉಗುರು ಸೋಕಲೂ ಬಿಡಲಿಲ್ಲ. ಹಿಂಬದಿಯ ಇಂಗ್ಲಿಷ್ ಅಕ್ಷರಗಳು ಅವರಿಗೆ ಪಾತ್ರೆಯ ಬುಡದ ಮಸಿಯಂತೆ ಕಂಡಿರಬೇಕು. ಸತೀಶ ಬರುತ್ತಾನೆಂದು ಸುದ್ದಿ ಬಂದ ದಿನ ಬೂದಿ, ತೆಂಗಿನ ನಾರು ಹಿಡಿದು ಬಾವಿಕಟ್ಟೆಯಲ್ಲಿ ಕೂತೇಬಿಟ್ಟರು.

"ಅತ್ತೆ, ಎಂತ ಮಾಡ್ತಿದ್ದೀರಿ?"

"ಬುಡ ತಿಕ್ಕದೆ ಇಡುವ ಪಾತ್ರೆ ಉಂಟಾ?"

ನಾನು ಬಿ.ಎ. ಓದಿದವಳು. ಯೋಚಿಸಿದೆ, ಮಾತು ಸರಿಯೆನಿಸಿತು. ನೀರು ಹೊಯ್ದೆ.

ಸತೀಶ ಬಂದ, ಯಂತ್ರವೂ ಬಂತು. ತಟ್ಟೆ ಹೊಟ್ಟೆಗೆ ಬಿದ್ದ ಯಂತ್ರ ಗಿರ್ರನೆ ತಿರುಗಿತು, ಬಿಕ್ಕಳಿಸಿತು, ನಿಂತಿತು. ಅವನು ತಟ್ಟೆಯನ್ನು ತೆಗೆದು ಬೆಳಕಿಗೆ ಹಿಡಿದ. ಅದರ ಮೂಲಕ ಅಂಗಳದ ತೆಂಗಿನಮರ ಕಾಣುತ್ತಿತ್ತು.

ಆಮೇಲೆ ನಮಗೆ ಪಾಠವಾಯಿತು. ಸಂಗೀತವಿರುವುದು ಹೊಳೆಯುವ ಮೈಮೇಲಲ್ಲವಂತೆ. ಅಕ್ಷರಗಳ ಬದಿಗೆ, ತೆಳ್ಳನೆಯ ಅಲ್ಯೂಮಿನಿಯಂ ಪದರಕ್ಕೆ ಅಂಟಿಕೊಂಡಿದೆಯಂತೆ. ಅದರ ಮೇಲೆ ಕಾವಲಿಗಿರುವುದು ಒಂದು ಕೋಟು ವಾರ್ನಿಷು. ಅದು ಗೀರಿದರೆ ಗಾಳಿ, ತೇವ ಒಳಹೊಕ್ಕು, ಹುಳಿ ಇಟ್ಟ ಅಲ್ಯೂಮಿನಿಯಂ ಪಾತ್ರೆಯ ಗತಿಯಾಗುತ್ತದೆ. ಬಿಸಿಲೂ ಆಗದು, ಎಣ್ಣೆಯೂ ಆಗದು. ಹೊಳೆಯುವ ಬದಿ ಸಣ್ಣಪುಟ್ಟ ಗೀರನ್ನು ತಡೆದುಕೊಂಡೀತು, ಬೆನ್ನು ತಡೆಯದು. ಅಂದರೆ ನಾವು ಮುಖಕ್ಕೆ ಕಾವಲು ಕೂತು ಪ್ರಾಣವನ್ನು ತಿಕ್ಕಿ ತೊಳೆದಿದ್ದೆವು.

"ನೂರು ವರ್ಷದ್ದನ್ನು ಒಂದೇ ವರ್ಷಕ್ಕೆ ಮುಗಿಸಿದಿರಲ್ಲ ಅಮ್ಮ!" ಊಟಕ್ಕೆ ಕೂತ ಸತೀಶ ತಲೆಗೆ ಕೈ ಹಚ್ಚಿದ.

ಅತ್ತೆ ಅವನ ಬಾಳೆಲೆಗೆ ಇನ್ನೊಂದು ಹುರಿದ ಬಂಗುಡೆ ಮೀನು ಹಾಕಿದರು. "ನೂರು ವರ್ಷ ನನಗೆ ಎಂತಕ್ಕೆ ಮಾರಾಯ? ನೀನು ಬರುವವರೆಗೆ ಬಾಳಿತಲ್ಲ."

ಸಾರು ಬಡಿಸುತ್ತಾ ಅವರೇ ಮುಂದುವರಿಸಿದರು: "ಮುಂದಿನ ರಜೆಗೆ ಇನ್ನೊಂದು ತರ್ತೀ ಅಲ್ವಾ? ಅದನ್ನೂ ಹೀಗೆಯೇ ಜಾಗ್ರತೆ ಮಾಡಿ ಇಡ್ತೇನೆ."