ಕ್ಲಾಸಿನಲ್ಲಿ ನಾನು ಮಿಸ್ಸು

ಒಣ ಬಿಸಿಲಾದರೆ ಹೇಗೋ ತಡೆದುಕೊಳ್ಳಬಹುದು, ನೆರಳಿಗೆ ಹೋದರೆ ಬಿಡುತ್ತದೆ. ಆ ಊರಿನ ಸೆಕೆ ಹಾಗಲ್ಲ. ಕರೆಯದೆ ಬಂದ ನೆಂಟನಂತೆ ಮನೆಯೊಳಗೇ ಬಂದು ಠಿಕಾಣಿ ಹೂಡುವಂಥದ್ದು. ಡಬ್ಬಿಯೊಳಗಿನ ಉಪ್ಪು ನೀರೊಡೆಯುತ್ತಿತ್ತು. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತೇ ಹೊರತು ಹತ್ತಿಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಒಗೆದು ಹಾಕಿದ ಬಟ್ಟೆ ಸಂಜೆಗೂ ಹಸಿ, ಮರುದಿನಕ್ಕೆ ಮುಗ್ಗಲು ವಾಸನೆ. ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಬೆನ್ನ ಮೇಲೆ ಮತ್ತೆ ಬೆವರು ಹರಿಯುತ್ತಿತ್ತು. ಟೀಚರಮ್ಮ ಗಣಿತ ಹೇಳಿಕೊಡಲೆಂದು ಆ ಪರದೇಶಕ್ಕೆ ಬಂದು ಏಳು ವರ್ಷವಾಗಿತ್ತು. ಪ್ರತಿ ಬೇಸಿಗೆಯಲ್ಲೂ "ಇದೇ ಕೊನೆ, ಇನ್ನು ನನ್ನ ಕೈಲಾಗಲ್ಲ" ಎಂದು ಗೊಣಗುವುದು, ಮತ್ತೆ ಜೂನಿಗೆ ಚಾಕ್‌ಪೀಸು ಹಿಡಿದು ನಿಲ್ಲುವುದು, ಇದೇ ಆಗಿತ್ತು.

ಈ ಸಲ ಮಾತ್ರ ಬೇಸಿಗೆ ಯಾವಾಗ ಬರುತ್ತದೋ ಎಂದು ಕಾದಿದ್ದಳು. ರಜೆಗೆ ಮಗಳು ಬರುವವಳಿದ್ದಳು.

ಗಂಡ ತೀರಿಕೊಂಡಾಗ ಚಿನ್ನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಆ ವರ್ಷವೇ ಈ ಕೆಲಸ ಸಿಕ್ಕಿತು. ಮಗುವನ್ನು ಅಕ್ಕನ ಮಡಿಲಿಗೆ ಹಾಕಿ, ಒಂದೆರಡು ವರ್ಷ ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ವಿಮಾನ ಹತ್ತಿದ್ದಳು. ಅಕ್ಕನಿಗೆ ಮಕ್ಕಳಿರಲಿಲ್ಲ. ಮಗು ಕೆಲವೇ ತಿಂಗಳಲ್ಲಿ ದೊಡ್ಡಮ್ಮನನ್ನು ಅಮ್ಮ ಎಂದು ಕರೆಯತೊಡಗಿತು. ಹೆತ್ತವಳು 'ಫೋನಮ್ಮ' ಆದಳು. ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವಳು ಫೋನಮ್ಮನೇ. ಫೋನಿಟ್ಟ ಮೇಲೆ ಏನು ಮಾಡಿದಳೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಗು ಬಾಗಿಲ ಮರೆಯಿಂದ ಇಣುಕುತ್ತಿತ್ತು. ಒಗ್ಗಿಕೊಳ್ಳುವಷ್ಟರಲ್ಲಿ ಹೊರಡುವ ದಿನ ಬಂದೇಬಿಡುತ್ತಿತ್ತು.

ಚಿನ್ನಿಗೆ ಹನ್ನೊಂದಾದಾಗ ಟೀಚರಮ್ಮ ಹಠ ಹಿಡಿದಳು. ಮಗಳನ್ನು ಇನ್ನು ಕರೆಸಿಕೊಂಡೇ ತೀರುವುದು. ಹೆಡ್‌ಮೇಡಂ ಬೆನ್ನುಬಿದ್ದು ತನ್ನ ಶಾಲೆಯಲ್ಲೇ ಒಂದು ಸೀಟು ಹಿಡಿಸಿದಳು. ರಜೆಯಲ್ಲಿ ತಾನು ತೆಗೆದುಕೊಳ್ಳುವ ಬೇಸಿಗೆ ಕ್ಲಾಸು ಮುಗಿಯುವ ದಿನ ಸೀಟು ಬೇಕು ಇಲ್ಲವೇ ಬೇಡ ಎಂದು ಹೇಳಿಬಿಡಬೇಕಿತ್ತು. ಅಕ್ಕನಿಗೆ ಫೋನಿನಲ್ಲಿ ತಿಳಿಸಿದಳು.

"ನಿನ್ನ ಮಗಳು ಕಣೇ. ನಾನು ಬೇಡ ಅನ್ನೋಕಾಗುತ್ತಾ? ಆದ್ರೆ ಅವಳನ್ನೂ ಒಂದ್ಮಾತು ಕೇಳು" ಎಂದಳು ಅಕ್ಕ.

"ಕೇಳ್ತೀನಿ ಬಿಡೇ. ತಾಯಿ ಹತ್ರ ಇರಲ್ಲ ಅಂತಾಳಾ?"

ಪರಿಚಯದವರ ಜೊತೆ ಚಿನ್ನಿ ಬಂದಿಳಿದಳು. ಬಂದವಳು ಮೌನಗೌರಿ. ಫೋನಮ್ಮ ಎನ್ನಲು ಈಗ ನಾಚಿಕೆ, ಅಮ್ಮ ಎನ್ನಲು ನಾಲಿಗೆ ಹೊರಳದು. ಹಾಗಾಗಿ ಏನೂ ಕರೆಯದೆಯೇ ಕಾಲ ಹಾಕುತ್ತಿದ್ದಳು. ಬಾಯಾರಿದರೆ ಗೋಡೆ ನೋಡಿಕೊಂಡು "ನೀರು ಬೇಕಿತ್ತು" ಎನ್ನುತ್ತಿದ್ದಳು. ಮೂರನೇ ಮಹಡಿಯ ಆ ಎರಡು ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ಎರಡೇ ದಿನಕ್ಕೆ ಹುಡುಗಿಯ ಕತ್ತು, ಬೆನ್ನೆಲ್ಲ ಬೆವರುಸಾಲೆ. ಟೀಚರಮ್ಮ ಪೌಡರ್ ಹಿಡಿದು ಹತ್ತಿರ ಹೋದರೆ, "ನಾನೇ ಹಾಕ್ಕೋತೀನಿ" ಎಂದು ಮೈ ಹಿಡಿ ಮಾಡಿಕೊಂಡಳು. ಬೆನ್ನಿಗೆ ಕೈ ನಿಲುಕದೆ ಒದ್ದಾಡುವುದನ್ನು ಟೀಚರಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿರಲಿಲ್ಲ. ಫೇಲಾದ ಮಕ್ಕಳಿಗೆಂದು ನಡೆಯುವ ಬೇಸಿಗೆ ಕ್ಲಾಸಿಗೆ ಅವಳನ್ನೂ ಕರೆದುಕೊಂಡು ಹೊರಟಳು. ಶಾಲೆಯ ಗೇಟಿನ ಹತ್ತಿರ ನಿಂತು, "ನೋಡು, ಕ್ಲಾಸಲ್ಲಿ ನಾನು ಅಮ್ಮ ಅಲ್ಲ. ಎಲ್ಲರ ಹಾಗೆ ಮಿಸ್ ಅನ್ಬೇಕು, ಗೊತ್ತಾಯ್ತಾ?" ಎಂದಳು. ಅದು ಅವರ ಮನೆತನದ ಕಟ್ಟಳೆ. ಟೀಚರಮ್ಮನ ಅಪ್ಪನೂ ಮೇಷ್ಟ್ರೇ. ಕ್ಲಾಸಿನಲ್ಲಿ ಅವಳು ಅಪ್ಪನನ್ನು 'ಸಾರ್' ಎಂದೇ ಕರೆದವಳು, ಎಲ್ಲರಿಗಿಂತ ಮೊದಲು ಏಟು ತಿಂದವಳು. ಸಂಜೆ ಮನೆಗೆ ಬಂದೊಡನೆ ಅದೇ ಸಾರ್ ಬೆನ್ನೇರಿ ಕುದುರೆಯಾಟ. ಆ ಸಂಜೆಯ ಭಾಗ ತಾನಾಗಿಯೇ ಬರುತ್ತದೆ ಎಂದುಕೊಂಡಳು ಪಾಪ, ಅದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬಂತೆ.

ಬಂದ ದಿನದಿಂದ ಮೊದಲ ಸಲ ಚಿನ್ನಿಯ ಮುಖ ಅರಳಿತು. ಹುಡುಗಿಗೆ ಕರೆಯಲು ಒಂದು ಹೆಸರು ಸಿಕ್ಕಿತ್ತು! ತೇವ ಹಿಡಿದ ಚಾಕ್‌ಪೀಸು ಬೋರ್ಡಿನ ಮೇಲೆ ಜಾರುತ್ತಿದ್ದರೆ, ಮಕ್ಕಳ ಮೊಣಕೈ ಬೆಂಚಿಗೆ ಅಂಟಿಕೊಂಡು ಎತ್ತುವಾಗ ಚರ್ ಎನ್ನುತ್ತಿದ್ದರೆ, ಅವಳು ಮೊದಲ ಬೆಂಚಿನಲ್ಲಿ ನೆಟ್ಟಗೆ ಕೂತು "ಮಿಸ್, ಇದು ಸರೀನಾ ಮಿಸ್?" ಎಂದು ಕೇಳುತ್ತಿದ್ದಳು. ಟೀಚರಮ್ಮನಿಗೆ ಹಿಗ್ಗೋ ಹಿಗ್ಗು.

ಸಂಜೆ ಮನೆಯಲ್ಲಿ ಚಿನ್ನಿ ಕೇಳಿದಳು. "ಮಿಸ್, ಕಿಟಕಿ ತೆಗೀಲಾ?"

"ಮನೇಲಿ ಯಾವ ಮಿಸ್ಸೇ?" ಎಂದು ಟೀಚರಮ್ಮ ನಕ್ಕಳು.

ಅಷ್ಟೇ. ಹುಡುಗಿಯ ಬಾಯಿಗೆ ಮತ್ತೆ ಬೀಗ ಬಿತ್ತು. ಮಲಗುವವರೆಗೂ ಒಂದು ಮಾತಿಲ್ಲ. ಮರುದಿನ ಟೀಚರಮ್ಮನೇ ಸೋತಳು. ಏನಾದರೂ ಕರೆಯಲಿ, ಕರೆದರೆ ಸಾಕು ಎನಿಸಿತು. ಅಲ್ಲಿಂದ ಮುಂದೆ ಊಟಕ್ಕೂ ಮಿಸ್, ನೀರಿಗೂ ಮಿಸ್. ಮಗಳ ದನಿ ಕೇಳಬೇಕೆನಿಸಿದಾಗಲೆಲ್ಲ ಅವಳು ಒಂದು ಲೆಕ್ಕ ಕೊಡುತ್ತಿದ್ದಳು. ಚಿನ್ನಿ ಬಿಡಿಸಿ ತಂದು ತೋರಿಸುತ್ತಿದ್ದಳು. ಹೆತ್ತ ಮಗಳ ಜೊತೆ ಭಾಗಾಕಾರದ ಲೆಕ್ಕದಲ್ಲಿ ಮಾತಾಡುವ ಗತಿ ಯಾವ ತಾಯಿಗೂ ಬೇಡ.

ಬೇಸಿಗೆ ಕ್ಲಾಸಿನ ಕೊನೆಯ ದಿನ ಬಂತು. ಹೆಡ್‌ಮೇಡಂಗೆ ಸಂಜೆಯೊಳಗೆ ಉತ್ತರ ಹೇಳಬೇಕು. ಮಧ್ಯಾಹ್ನ ಮನೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಇನ್ನು ಮುಂದೂಡುವಂತಿರಲಿಲ್ಲ, ಟೀಚರಮ್ಮ ಕೇಳಿಯೇಬಿಟ್ಟಳು.

"ಚಿನ್ನೀ, ಇಲ್ಲೇ ನನ್ನ ಜೊತೆ ಇರ್ತೀಯಾ? ಇಲ್ಲೇ ಓದ್ತೀಯಾ?"

ಚಿನ್ನಿ ಕುರ್ಚಿಯಿಂದ ಎದ್ದು ನಿಂತಳು. "ಹೂಂ ಮಿಸ್."

"ನಿಜವಾಗ್ಲೂ ಇಷ್ಟಾನಾ?"

"ಇಷ್ಟ ಮಿಸ್."

ಬೇಕಾದ ಉತ್ತರ ಸಿಕ್ಕಿತ್ತು. ಆದರೆ ಇಷ್ಟು ವರ್ಷ ಪಾಠ ಮಾಡಿದವಳಿಗೆ ಆ ಮುಖ ಗೊತ್ತಿರಲಿಲ್ಲವೇ? ಅರ್ಥವಾಯಿತಾ ಎಂದು ಕೇಳಿದರೆ ಎಲ್ಲರಿಗಿಂತ ಮೊದಲು 'ಆಯ್ತು ಮಿಸ್' ಎನ್ನುವ ಮಕ್ಕಳಿರುತ್ತಾರೆ. ಅವರ ಕಣ್ಣು ಬೋರ್ಡಿನ ಮೇಲಿರುವುದಿಲ್ಲ, ಟೀಚರ್ ಮುಖದ ಮೇಲಿರುತ್ತದೆ. ಅಂಥವರನ್ನು ಅವಳು ಒಂದು ದಿನವೂ ನಂಬಿದವಳಲ್ಲ, ಮತ್ತೆ ಬೋರ್ಡಿಗೆ ಕರೆದು ಬಿಡಿಸಿ ನೋಡುತ್ತಿದ್ದಳು. ಈಗ ಮಾತ್ರ ನಂಬಿಬಿಡು, ನಂಬಿಬಿಡು ಎಂದು ಜೀವ ಅಂಗಲಾಚುತ್ತಿತ್ತು. ಹೂಂ ಅಂದಳಲ್ಲ, ಇನ್ನೇನು ಬೇಕು? ನಾಲ್ಕು ದಿನ ಅತ್ತರೂ ಆಮೇಲೆ ಒಗ್ಗಿಕೊಳ್ಳುವುದಿಲ್ಲವೇ? ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಚಿನ್ನಿ ಇನ್ನೂ ನಿಂತೇ ಇದ್ದಳು.

"ಕೂತ್ಕೋ ಪುಟ್ಟಾ. ಇದು ಕ್ಲಾಸಲ್ಲ. ಏನು ಹೇಳಿದ್ರೂ ನಾನು ಬಯ್ಯಲ್ಲ."

ಹುಡುಗಿ ಕೂರಲಿಲ್ಲ.

"ಅಮ್ಮ ಒಬ್ಳೇ ಆಗ್ಬಿಡ್ತಾಳೆ" ಎಂದಳು.

ಯಾವ ಅಮ್ಮ ಎಂದು ಕೇಳಬೇಕಾಗಿರಲಿಲ್ಲ. ಟೀಚರಮ್ಮ ಹೆಡ್‌ಮೇಡಂಗೆ ಫೋನು ಮಾಡಿ ಸೀಟು ಬೇಡವೆಂದಳು. ಆಮೇಲೆ ಅಕ್ಕನಿಗೆ ಮಾಡಿ, "ಕಳಿಸ್ತಿದೀನಿ ಕಣೇ" ಎಂದಳು. ಅತ್ತ ಕಡೆ ಅಕ್ಕ ಬಿಕ್ಕಿಬಿಕ್ಕಿ ಅತ್ತಳು. ಅದು ಸಂತೋಷದ ಅಳು ಎಂದು ಗೊತ್ತಾಗಿ ಟೀಚರಮ್ಮನಿಗೆ ಮೊದಲು ಕೋಪ ಬಂತು, ಆಮೇಲೆ ಅದೂ ಉಳಿಯಲಿಲ್ಲ.

ಸಂಜೆ ಕರೆಂಟು ಬಂತು. ಊಟಕ್ಕೆ ಕೂತಾಗ ಚಿನ್ನಿ ಮೊದಮೊದಲು ಅನುಮಾನದಿಂದಲೇ ನೋಡುತ್ತಿದ್ದಳು. ಹೋಗುವುದು ಖರೆ ಎಂದಾದ ಮೇಲೆ ಬಾಯಿ ಬಿಚ್ಚಿದಳು. ಊರ ಮನೆಯ ಬೆಕ್ಕು ಬಟ್ಟೆ ಬುಟ್ಟಿಯಲ್ಲೇ ಮರಿ ಹಾಕಿತ್ತಂತೆ. ಅದರಲ್ಲೊಂದಕ್ಕೆ ಬಾಲವೇ ಇಲ್ಲವಂತೆ. ಪಕ್ಕದ ಮನೆಯ ಗೆಳತಿ ಸೈಕಲ್ಲಿನಿಂದ ಬಿದ್ದವಳು ಅಳುವುದು ಬಿಟ್ಟು ನಕ್ಕಳಂತೆ. ಅಮ್ಮ ಗೊರಕೆ ಹೊಡೆದರೆ ಬೀದಿ ನಾಯಿ ಬೊಗಳುತ್ತದಂತೆ, ಹೀಗೆ, ಹೀಗೆ ಎಂದು ಗೊರಕೆ ಹೊಡೆದೂ ತೋರಿಸಿದಳು. ಕೈ ಕುಣಿಸಿದಳು, ಕಣ್ಣು ತಿರುಗಿಸಿದಳು, ಕೇಳದೆಯೇ ಎರಡನೇ ಸಲ ಬಡಿಸಿಕೊಂಡಳು. ಮಾತಿನ ಭರದಲ್ಲಿ ಮಿಸ್ ಎನ್ನುವುದನ್ನೂ ಮರೆತಿದ್ದಳು.

ಟೀಚರಮ್ಮ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೇಳುತ್ತ ಕೂತಳು. ತನ್ನ ಮಗಳು ಇಷ್ಟು ಮಾತಾಡುವ ಹುಡುಗಿ ಎಂದು ಅವಳಿಗೆ ಗೊತ್ತೇ ಇರಲಿಲ್ಲ.