ಇಸ್ತ್ರಿ ಮಾಡಿಟ್ಟ ನೀಲಿ ಕೋಟು

ತಂಗಿಗಷ್ಟೇ ಅಲ್ಲ, ಇಡೀ ಬೀದಿಗೆ ಅವಳು ಅಕ್ಕ. ಲಾಂಡ್ರಿಯ ಒಳಕೋಣೆಯಲ್ಲಿ ಬೆಳಗಿನಿಂದ ನಿಂತೇ ಇರುತ್ತಿದ್ದಳು. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಊರವರ ಅಂಗಿಗಳು ಸುಕ್ಕಿಲ್ಲದೆ ಹೊರಗೆ ಹೋಗುತ್ತಿದ್ದವು. ಸುಟ್ಟ ಗೆರೆಗಳು ಅವಳ ಮುಂಗೈ ಮೇಲೆ ಉಳಿಯುತ್ತಿದ್ದವು.

ಅವಳದೇ ಎನ್ನಲು ಒಂದು ಒಳ್ಳೆಯ ಬಟ್ಟೆಯಿತ್ತು: ಕಾಲೇಜಿನ ನೀಲಿ ಕೋಟು. ಕಾಲೇಜು ಸೇರಿದ ಮಳೆಗಾಲ ಮುಗಿಯುವ ಮುಂಚೆಯೇ ಅಪ್ಪ ಹಾಸಿಗೆ ಹಿಡಿದರು. ಅಕ್ಕ ಕಾಲೇಜು ಬಿಟ್ಟಳು. ಅಪ್ಪ ಉಳಿಯಲಿಲ್ಲ, ಕೋಟು ಉಳಿಯಿತು. ಆಗಾಗ ಅದನ್ನು ಲಾಂಡ್ರಿಗೆ ಒಯ್ದು ಇಸ್ತ್ರಿ ಮಾಡಿ ತರುತ್ತಿದ್ದಳು.

"ಮದುವೆಗೂ ಇದನ್ನೇ ಹಾಕ್ಕೋತೀಯೇನಮ್ಮ?" ಎಂದು ಲಾಂಡ್ರಿ ಯಜಮಾನರು ಕಿಚಾಯಿಸುತ್ತಿದ್ದರು.

ಈಗ ತಂಗಿಗೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀಸಿಗೆ ಇದ್ದ ದಾರಿ ಒಂದೇ, ಒಂದು ಟ್ರಸ್ಟಿನ ವಿದ್ಯಾರ್ಥಿವೇತನ. ಅದು ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವವರಿಗೆ ಮಾತ್ರ. ಅರ್ಧಕ್ಕೆ ಬಿಟ್ಟಿದ್ದೂ ಲೆಕ್ಕಕ್ಕೆ ಬರುತ್ತದೆಂದು ಅಕ್ಕನಿಗೆ ಹೊಳೆಯಲೇ ಇಲ್ಲ. ಟ್ರಸ್ಟಿನವರು ಮನೆ ನೋಡಲು ಬರುವ ದಿನ, ತಂಗಿಯ ಮಾಸಿದ ಚೂಡಿದಾರದ ಮೇಲೆ ತನ್ನ ಕೋಟು ತೊಡಿಸಿ ಗುಂಡಿ ಹಾಕಿದಳು.

"ಸೆಖೆ ಕಣೇ ಅಕ್ಕ."

"ಸುಮ್ನೆ ನಿಂತ್ಕೊ. ಕಾಲೇಜು ಹುಡುಗಿ ಥರ ಕಾಣ್ಬೇಡ್ವಾ?"

ಬಂದ ಮೇಡಂ ಒಳ್ಳೆಯವರು. ಕೊಟ್ಟ ನೀರು ಕುಡಿಯುತ್ತ, ಕೋಟಿನ ಜೇಬಿನ ಮೇಲಿದ್ದ ಕಾಲೇಜಿನ ಮುದ್ರೆ ನೋಡಿ ನಕ್ಕರು. "ಇನ್ನೂ ಸೇರಿಲ್ಲ, ಆಗ್ಲೇ ಯೂನಿಫಾರ್ಮ್ ಬಂತಾ?"

ಅಮ್ಮ ಬೀಗಿದಳು. "ದೊಡ್ಡವಳದು ಮೇಡಂ. ಅವಳೂ ಅದೇ ಕಾಲೇಜಿಗೆ ಹೋದವಳು!"

ಮೇಡಂ ಲೋಟ ಕೆಳಗಿಟ್ಟರು.

"ಒಂದು ಪರೀಕ್ಷೆನೂ ಬರ್ದಿಲ್ಲ ಮೇಡಂ," ಅಂದಳು ಅಕ್ಕ. "ಅಷ್ಟರಲ್ಲೇ ಬಿಟ್ಟೆ."

"ಸೇರಿದ್ರೆ ಸೇರಿದ ಹಾಗೇ ಕಣಮ್ಮ. ನಿಯಮ ನಾನು ಮಾಡಿದ್ದಲ್ಲ. ಗೊತ್ತಾದ್ಮೇಲೆ ಮುಚ್ಚಿಡೋಕಾಗಲ್ಲ."

ಏನಾಯಿತೆಂದು ಅಮ್ಮನಿಗೆ ತಿಳಿಯಲಿಲ್ಲ. "ಇನ್ನೊಂಚೂರು ನೀರು ತರ್ಲಾ?" ಎನ್ನುತ್ತಲೇ ಇದ್ದಳು.

ವಿದ್ಯಾರ್ಥಿವೇತನ ಬರಲಿಲ್ಲ, ಸೀಟು ಬೇರೆಯವರ ಪಾಲಾಯಿತು. "ನನ್ನ ನಾಲಿಗೆಗೆ ಬೆಂಕಿ ಬೀಳ," ಎಂದು ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು.

"ನೀನು ಸುಳ್ಳೇನೂ ಹೇಳ್ಲಿಲ್ವಲ್ಲಮ್ಮ," ಎಂದಳಷ್ಟೇ ಅಕ್ಕ.

ಮಳೆ ಶುರುವಾಗುವ ಹೊತ್ತಿಗೆ ತಂಗಿಯೂ ಲಾಂಡ್ರಿಗೆ ಬಂದಳು. ಯಜಮಾನರು ಇನ್ನೊಂದು ಇಸ್ತ್ರಿಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ತಂಗಿ ಕೈ ಚಾಚಿದಾಗ ಅಕ್ಕ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀನು ಬಟ್ಟೆ ಮಡಚು, ಸಾಕು. ಇದನ್ನ ಮುಟ್ಬೇಡ."

"ಇಬ್ರ ಕೆಲಸ ಒಬ್ಳೇ ಮಾಡ್ತೀಯಾ?"

ಅಕ್ಕ ಮುಂದಿದ್ದ ಅಂಗಿಗೆ ನೀರು ಚಿಮುಕಿಸಿ, ಕಾಲರಿನಿಂದ ಶುರುಮಾಡಿದಳು.