ಪಟ್ಟಿಯಕ್ಕನ ಕಿಟಕಿ ಪಕ್ಕದ ಕುರ್ಚಿ

ಕಟ್ಟಡ ಕಟ್ಟುವ ಆ ಕಂಪನಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ಪಟ್ಟಿಯಕ್ಕ. ಇಪ್ಪತ್ತಾರು ವರ್ಷದಿಂದ ಮೂರನೇ ಮಹಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಪ್ರತಿ ಕಟ್ಟಡಕ್ಕೂ ಬರುವ, ಇಟ್ಟಿಗೆಯಷ್ಟು ದಪ್ಪದ ನಿಯಮಪುಸ್ತಕಗಳನ್ನು ಓದುವುದೇ ಕೆಲಸ. ಟೈಲ್ಸಿನ ತುಂಡು, ಬಣ್ಣದ ಮಾದರಿ, ಕಬ್ಬಿಣದ ಪರೀಕ್ಷಾ ವರದಿ... ಹೀಗೆ ಕಟ್ಟುವ ಮೊದಲೇ ವಾಸ್ತುಶಿಲ್ಪಿಗೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕಾದ್ದೆಲ್ಲ ಆ ಪುಸ್ತಕದೊಳಗೆ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಅಡಗಿರುತ್ತದೆ. ಅದನ್ನು ಹೆಕ್ಕಿ ಪಟ್ಟಿ ಮಾಡಬೇಕು. ಒಂದು ಬಿಟ್ಟುಹೋದರೂ ಎದ್ದುನಿಂತ ಗೋಡೆಯನ್ನು ಒಡೆಸುವ ಪುಣ್ಯಾತ್ಮರಿದ್ದಾರೆ.

ಪಟ್ಟಿಯಕ್ಕ ಸಾಲಿನ ಕೆಳಗೆ ಸ್ಟೀಲ್ ಸ್ಕೇಲು ಇಟ್ಟು ಓದುವರು. ಪುಟ ಮುಗಿದರೆ ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಒಂದು ಚುಕ್ಕಿ. ಮನೆಗೆ ಹೋದರೂ ಈ ಚಾಳಿ ಬಿಡುತ್ತಿರಲಿಲ್ಲ. ಅಳಿಯ ಒಮ್ಮೆ ಆಸೆಪಟ್ಟು ಕಿಟಕಿಗೆ ಪರದೆ ತಂದ.

"ಮೊದ್ಲು ಬಟ್ಟೆ ತುಂಡು ತೋರಿಸಿದ್ರಾ? ನಾನು ಒಪ್ಪಿದ್ನಾ?"

"ಇಲ್ಲ ಅತ್ತೆ..."

"ಮತ್ತೆ ಹೇಗೆ ತಂದ್ರಿ?"

ಪರದೆ ಮರುದಿನ ಅಂಗಡಿಗೆ ವಾಪಸು ಹೋಯಿತು.

ಅಂಥವರ ಮುಂದೆ ಒಂದು ಸೋಮವಾರ ಯಜಮಾನರು ಹಲ್ಲು ಕಿರಿಯುತ್ತ ಬಂದು ನಿಂತರು. "ಅಕ್ಕಾ, ಹೊಸ ಸಾಫ್ಟ್‌ವೇರ್ ಬಂದಿದೆ. ಪುಸ್ತಕ ಹಾಕಿದ್ರೆ ಪಟ್ಟಿ ಅದೇ ಕೊಡುತ್ತಂತೆ. ನಾವು ಈಗ ಕಟ್ಟಬೇಕಿರೋ ಶಿಶುವಿಹಾರದ ನಿಯಮಪುಸ್ತಕ ನೀವೂ ಓದಿ, ಅದೂ ಓದ್ಲಿ. ಶುಕ್ರವಾರ ನೋಡೋಣ. ಅದೇ ಸಾಕು ಅನ್ನಿಸಿದ್ರೆ ನಿಮ್ಮನ್ನ ಕೆಳಗಡೆ ಸ್ವಾಗತದ ಮೇಜಿಗೆ ಹಾಕ್ತೀನಿ. ಆರಾಮಾಗಿರ್ತೀರಿ."

ಆರಾಮ! ಬಂದವರಿಗೆಲ್ಲ ನಗುತ್ತ ಸೋಫಾ ತೋರಿಸುವ ಕೆಲಸ. ಅಲ್ಲಿ ಕಿಟಕಿಯೂ ಇಲ್ಲ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಅವರ ಪಟ್ಟಿ ಸಿದ್ಧವಾಯಿತು. ಮುನ್ನೂರ ನಾಲ್ಕು ಸಾಲು. ಅಷ್ಟರಲ್ಲಿ, ಸಾಫ್ಟ್‌ವೇರ್ ನೋಡಿಕೊಳ್ಳುವ ಕನ್ನಡಕದ ಹುಡುಗಿ, ಹೊಸದಾಗಿ ಸೇರಿದ ಇಂಜಿನಿಯರ್, ಒಂದು ಕಂತೆ ತಂದಿಟ್ಟಳು. "ನಾಲ್ಕೇ ನಿಮಿಷ ಅಕ್ಕ. ಆರುನೂರ ಹನ್ನೊಂದು ಸಾಲು."

ಪಟ್ಟಿಯಕ್ಕನ ಮುಖ ಇಳಿದುಹೋಯಿತು. ಆದರೂ ಸ್ಕೇಲು ಇಟ್ಟು ಓದತೊಡಗಿದರು. ಏಳನೇ ಸಾಲಿಗೇ ನಗು ಬಂತು.

"ಏನಮ್ಮಾ ಇದು? 'ಮಾದರಿ ಸಲ್ಲಿಸುವ ಅಗತ್ಯವಿಲ್ಲ' ಅಂತ ಪುಸ್ತಕದಲ್ಲಿದೆ, ನಿನ್ನ ಯಂತ್ರ ಅದನ್ನೂ ಸೇರಿಸಿದೆ! ಇಲ್ನೋಡು, ಕಾವಲುಗಾರ ದಿನಾ ಬೆಳಿಗ್ಗೆ ಸಲ್ಲಿಸೋ ಗೇಟಿನ ಪುಸ್ತಕ. ಅದನ್ನೂ ವಾಸ್ತುಶಿಲ್ಪಿ ಒಪ್ಪಬೇಕಾ?"

"'ಸಲ್ಲಿಸು' ಅನ್ನೋದು ಕಂಡ್ರೆ ಸಾಕು ಅಕ್ಕ, ಬಾಚ್ಕೊಂಡ್ಬಿಡುತ್ತೆ."

"ನನ್ನ ಮೊಮ್ಮಗಳ ಥರ. ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ."

ಇನ್ನು ಪಟ್ಟಿಯಕ್ಕನನ್ನು ಹಿಡಿಯುವವರಿಲ್ಲ. ಯಂತ್ರದ ತಪ್ಪು ಒಂದೂ ಬಿಡಬಾರದೆಂದು ಹಬೆಯಾಡುತ್ತಿದ್ದ ಚಹಾವನ್ನೂ ಮರೆತು ಕೂತರು. ಕೆಂಪು ಅಡ್ಡಗೆರೆಗಳು ಇನ್ನೂರು ದಾಟಿದವು. ಮುನ್ನೂರ ಎಂಬತ್ತೆಂಟನೇ ಸಾಲಿಗೂ ಗೆರೆ ಎಳೆಯಲು ಹೊರಟ ಕೈ ನಿಂತಿತು.

ಬಾಗಿಲು. ಕೀಲಿನ ಕಡೆಯ ಸಂದಿಗೆ ಮಕ್ಕಳ ಬೆರಳು ಸಿಕ್ಕದಂತೆ ರಬ್ಬರ್ ಕವಚ. ಅದರ ಮಾದರಿ ಸಲ್ಲಿಸಿ ಒಪ್ಪಿಗೆ ಪಡೆದ ಮೇಲಷ್ಟೇ ಬಾಗಿಲು ಮಾಡಿಸತಕ್ಕದ್ದು.

ತಮ್ಮ ಪಟ್ಟಿ ನೋಡಿಕೊಂಡರು. ಇಲ್ಲ. ಪುಸ್ತಕ ತೆಗೆದರು. ಬಾಗಿಲಿನ ಅಧ್ಯಾಯದ ಒಂಬತ್ತು ಪುಟಗಳಲ್ಲಿ ಒಂದಕ್ಕೂ ಚುಕ್ಕಿಯಿಲ್ಲ. ಬಾಗಿಲಿನ ಅಧ್ಯಾಯ ಎಲ್ಲ ಪುಸ್ತಕದಲ್ಲೂ ಒಂದೇ, ನನಗೆ ಬಾಯಿಪಾಠ ಎಂದುಕೊಂಡು ಎಷ್ಟೋ ವರ್ಷದಿಂದ ಆ ಸಾಲುಗಳನ್ನು ನೆನಪಿನಿಂದಲೇ ಬರೆದು, ಪುಟಗಳನ್ನು ಸುಮ್ಮನೆ ಮಗುಚಿ ಹಾಕುತ್ತಿದ್ದುದು ಅವರೊಬ್ಬರಿಗೇ ಗೊತ್ತಿದ್ದ ಗುಟ್ಟು.

ಈಗಲೂ ಏನು ಮಹಾ? ಒಂದು ಸಾಲು ಸೇರಿಸಿದರೆ ಮುನ್ನೂರ ಐದು. ಒಂಬತ್ತು ಚುಕ್ಕಿ ಇಟ್ಟರೆ ಯಾರಿಗೂ ತಿಳಿಯದು, ಕುರ್ಚಿಯೂ ಉಳಿಯುತ್ತದೆ. ಪೆನ್ಸಿಲು ಪುಟದ ಮೂಲೆವರೆಗೂ ಹೋಯಿತು. ಆದರೆ ಕಣ್ಣಮುಂದೆ ಮೊಮ್ಮಗಳು ಬಂದಳು. ಅಡುಗೆಮನೆ ಬಾಗಿಲ ಸಂದಿಯಲ್ಲಿ ಐದೂ ಬೆರಳು ತೂರಿಸಿ 'ಕೂ' ಅನ್ನುವುದು ಅವಳ ದಿನದ ಆಟ. ಪಟ್ಟಿಯಕ್ಕ ಪೆನ್ಸಿಲು ಕೆಳಗಿಟ್ಟರು.

ಶುಕ್ರವಾರ ಯಜಮಾನರು ಕೇಳಿದರು, "ಹೇಳಿ ಅಕ್ಕ, ವಾಸ್ತುಶಿಲ್ಪಿಗೆ ಯಾವ ಪಟ್ಟಿ ಕಳಿಸ್ಲಿ?"

"ಎರಡೂ ಬೇಡ. ಅದರದ್ದು ಅರ್ಧ ಕಸ. ನನ್ನದ್ರಲ್ಲಿ ಬಾಗಿಲಿನ ರಬ್ಬರ್ ಕವಚವೇ ಇಲ್ಲ."

"ನೀವು ಬಿಟ್ರಾ? ನೀವು?"

"ಓದ್ಲೇ ಇಲ್ಲ. ಗೊತ್ತು ಅಂದ್ಕೊಂಡೆ."

ಯಜಮಾನರು ಕುರ್ಚಿಗೆ ಒರಗಿದರು. "ಹಾಗಾದ್ರೆ ಯಂತ್ರ ಗೆದ್ದ ಹಾಗಾಯ್ತಲ್ಲ."

ಮೂಲೆಯಲ್ಲಿ ನಿಂತಿದ್ದ ಕನ್ನಡಕದ ಹುಡುಗಿ ಮುಂದೆ ಬಂದಳು. "ಸರ್, ಆ ಪಟ್ಟೀನ ನಾನು ಎರಡು ಸಲ ನೋಡ್ದೆ. ನನಗೆ ಗೇಟಿನ ಪುಸ್ತಕಾನೂ ಒಂದೇ, ಈ ಬಾಗಿಲೂ ಒಂದೇ. ಅದು ಮುಖ್ಯ ಅಂತ ಕಂಡಿದ್ದು ಅಕ್ಕನಿಗೇ."

ಯಜಮಾನರು ಎರಡೂ ಪಟ್ಟಿಗಳನ್ನು ಪಟ್ಟಿಯಕ್ಕನ ಕಡೆ ತಳ್ಳಿದರು. "ಸರಿ. ಇನ್ಮೇಲೆ ಅದು ಬಾಚಲಿ, ನೀವು ಆರಿಸಿ. ಕುರ್ಚಿ ಅಲ್ಲೇ ಇರ್ಲಿ. ಆದ್ರೆ ಬಾಗಿಲಿನ ಅಧ್ಯಾಯದ ಚುಕ್ಕಿ ನನಗೆ ತೋರಿಸ್ಬೇಕು."

"ತೋರಿಸ್ತೀನಿ," ಎಂದರು ಪಟ್ಟಿಯಕ್ಕ, ಶಾಲೆಯ ಮಗುವಿನಂತೆ.

ಸಂಜೆ ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆ ಬಾಗಿಲಿಗೆ ಹೋದರು. ಸಂದಿಯಲ್ಲಿ ಕೆಂಪು ಪೆನ್ಸಿಲು ಇಟ್ಟು ಬಾಗಿಲು ಎಳೆದರು. ಲಟಕ್! ಎರಡು ತುಂಡು.

"ಅತ್ತೆ, ಪೆನ್ಸಿಲ್ ಮುರಿಯೋಕೆ ಬಾಗಿಲೇ ಬೇಕಾಗಿತ್ತಾ?" ಎಂದ ಅಳಿಯ.

"ಇದಕ್ಕೊಂದು ರಬ್ಬರ್ ಕವಚ ಬರುತ್ತೆ. ನಾಳೆ ಬೆಳಿಗ್ಗೆಯೇ ತನ್ನಿ."

ತಲೆಯಾಡಿಸಿ ಹಜಾರದ ಕಡೆ ಹೊರಟ ಅಳಿಯ ಪರದೆ ನೆನಪಾಗಿ ತಿರುಗಿ ನಿಂತ. "ಮೊದ್ಲು ಸ್ಯಾಂಪಲ್ಲಾ?"

ಪಟ್ಟಿಯಕ್ಕ ಮೊಮ್ಮಗಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. "ಬೇಡ," ಎಂದರು. "ಇದೊಂದು ಸಲ ಸೀದಾ ತಂದು ಹಾಕ್ಬಿಡಿ."